ಅಡುಗೆಮನೆ ಮತ್ತು ಜೀವವೈವಿಧ್ಯ: ಉತ್ತರ ಕನ್ನಡದ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಕುಮಟಾ, ಅಂಕೋಲಾ, ಕಾರವಾರದ ಕಡೆಯವರು ಊಟ-ಅಡುಗೆಯ ಬಗ್ಗೆ ನನ್ನ ಹತ್ತಿರ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಹುಟ್ಟಿದ್ದು ಅಂಕೋಲೆಯ ಮೀನು ತಿನ್ನುವ ಮನೆಯಲ್ಲಿ. ಸಂಸಾರ ಶಿರಸಿಯಲ್ಲಿ. ಹಾಗಾಗಿ ಘಟ್ಟದ ಮೇಲಿನ ತಂಬುಳಿಯೂ ಇದೆ, ಘಟ್ಟದ ಕೆಳಗಿನ ಬಂಗಡೆಯೂ ಇದೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

ನಾನು ಮನೆಯಲ್ಲಿ ಅನ್ನ-ಸಾರು ಮಾಡಿ ಉಣ್ಣುತ್ತೇನೆ. ಇದಕ್ಕೂ ಕಾಡು, ಹೊಳೆಗೂ ಏನು ಸಂಬಂಧ?

ಗದ್ದೆಯಲ್ಲಿ ಯಾವ ಬೀಜ ಬೀಳಬೇಕು, ದೋಣಿಗೆ ಯಾವ ಬಲೆ ಏರಬೇಕು, ಬೆಟ್ಟದಲ್ಲಿ ಯಾವ ಮರ ಉಳಿಯಬೇಕು ಅನ್ನುವುದನ್ನು ಕೊಳ್ಳುವವರೂ ತೀರ್ಮಾನ ಮಾಡುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಒಂದು ವರದಿ ಕೊಟ್ಟಿತು. ಜಗತ್ತಿನಲ್ಲಿ ಊಟಕ್ಕಾಗಿ ಬೆಳೆಸುವ ಗಿಡಗಳು ಸುಮಾರು 6,000 ಜಾತಿ. ಆದರೆ ಒಟ್ಟು ಬೆಳೆಯ 66 ಪಾಲು, ಅಂದರೆ ನೂರಕ್ಕೆ 66, ಬರೇ 9 ಜಾತಿಯಿಂದ ಬರುತ್ತದೆ. ಉಳಿದವುಗಳನ್ನು ಯಾರೂ ನಿಷೇಧ ಮಾಡಿಲ್ಲ. ಕೇಳುವವರಿಲ್ಲ, ಅದಕ್ಕೆ ಬೆಳೆಯುವವರೂ ಇಲ್ಲ.

ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಉತ್ತರಗಳೆಲ್ಲ ಅದರ ಮೇಲೆ ನಿಂತಿವೆ. ಬೆಳೆಸುವ ತಳಿಗಳು ತಿಂದರೆ ಉಳಿಯುತ್ತವೆ. ಕಗ್ಗ ಭತ್ತ, ಮೊಗೆಕಾಯಿ, ಈಶಾಡ ಮಾವು ಇವನ್ನೆಲ್ಲ ಕೇಳಿ ಕೇಳಿ ಕೊಂಡರೆ ರೈತ ಮುಂದಿನ ವರ್ಷವೂ ಹಾಕುತ್ತಾನೆ. ಕಾಡಿನದ್ದು, ಕಡಲಿನದ್ದು ಹಾಗಲ್ಲ. ಉಪ್ಪಾಗೆ (ಕಾಡಿನ ಹುಳಿ ಹಣ್ಣು), ರಾಮಪತ್ರೆ (ಕಾಡು ಜಾಯಿಪತ್ರೆ), ಮರಿ ಮೀನು ಇವು ತಿನ್ನದೆ ಬಿಟ್ಟರೆ ಉಳಿಯುತ್ತವೆ. ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕಿ 'ಸ್ಥಳೀಯವಾದದ್ದು ತಿನ್ನಿ' ಎಂದು ಹೇಳುವುದು ನನಗೆ ಒಪ್ಪಿಗೆಯಿಲ್ಲ. ಸ್ಥಳೀಯವಾದದ್ದನ್ನೂ ತಿಂದು ಮುಗಿಸಲು ಸಾಧ್ಯ.

ಕಗ್ಗ ಅಕ್ಕಿ ಅಂತ ಕೇಳಿದ್ದೇನೆ. ಅದರಲ್ಲೇನು ವಿಶೇಷ? ಬೇಯಿಸುವುದು ಕಷ್ಟವಂತೆ?

ಅಘನಾಶಿನಿ ಹೊಳೆ ಕಡಲು ಸೇರುವ ಕಡೆ, ಮಾಣಿಕಟ್ಟಾ ಸುತ್ತಮುತ್ತ ಗಜನಿ ಭೂಮಿ ಇದೆ. ಭರತದ ಉಪ್ಪುನೀರು ಬಂದುಹೋಗುವ ಗದ್ದೆಗಳು. ಬೇರೆ ಭತ್ತ ಅಲ್ಲಿ ಸುಟ್ಟುಹೋಗುತ್ತದೆ. ಕಗ್ಗ ಮಾತ್ರ ಉಪ್ಪನ್ನೂ ತಡೆಯುತ್ತದೆ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಮತ್ತೆ ಏಳುತ್ತದೆ. ಕರಿಕಗ್ಗ, ಬಿಳಿಕಗ್ಗ ಎಂದು ಬಗೆಗಳಿವೆ. ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ಹೊಳೆ ತಂದು ಹಾಕುವ ಗೋಡು ಮಣ್ಣೇ ಅದಕ್ಕೆ ಸಾಕು. ಕೊಯ್ಲು ಮುಗಿದ ಮೇಲೆ ಗದ್ದೆಗೆ ಉಪ್ಪುನೀರು ಬಿಡುತ್ತಾರೆ. ಮೀನು, ಶೆಟ್ಲಿ (ಸೀಗಡಿ) ಒಳಗೆ ಬಂದು ಉಳಿದ ಕೂಳೆ ತಿಂದು ಬೆಳೆಯುತ್ತವೆ. ಕೊಕ್ಕರೆ, ಬಾತುಗಳಿಗೂ ಅಲ್ಲೇ ಊಟ. ಒಂದೇ ಗದ್ದೆ ವರ್ಷಕ್ಕೆ ಭತ್ತವನ್ನೂ ಮೀನನ್ನೂ ಕೊಡುತ್ತದೆ.

ಈ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣವಾಯಿತು. ಅಂದರೆ ಇಡೀ ಜಗತ್ತಿಗೆ ಮುಖ್ಯವಾದ ಜೌಗು ಪ್ರದೇಶ ಎಂದು ಗುರುತಾಯಿತು. ಸಂತೋಷ. ಆದರೆ ಕಗ್ಗ ಹಾಕುವ ಗದ್ದೆ ಕಡಿಮೆಯಾಗುತ್ತಲೇ ಬಂದಿದೆ. ಕಟ್ಟೆ ಒಡೆಯುತ್ತದೆ, ಕೂಲಿ ಸಿಗುವುದಿಲ್ಲ, ಸೀಗಡಿಯಲ್ಲಿ ದುಡ್ಡು ಜಾಸ್ತಿ. ಅಕ್ಕಿಯನ್ನು ಕೊಳ್ಳುವವರು ಇದ್ದರೆ ಮಾತ್ರ ಆ ಕಟ್ಟೆಯನ್ನು ಮತ್ತೆ ಕಟ್ಟುವ ಮನಸ್ಸು ಬರುತ್ತದೆ.

ಬೇಯಿಸುವುದು ಕಷ್ಟ ಏನಿಲ್ಲ, ಹೊತ್ತು ಬೇಕು ಅಷ್ಟೇ. ಇದು ಕೆಂಪು ದಪ್ಪ ಅಕ್ಕಿ. ರಾತ್ರಿ ನೆನೆಹಾಕಿ. ಬೆಳಿಗ್ಗೆ ಜಾಸ್ತಿ ನೀರಿಟ್ಟು ಕುದಿ ಬರಿಸಿ, ಮುಚ್ಚಿ, ಒಲೆ ಆರಿಸಿ ಅರ್ಧ ಗಂಟೆ ಬಿಡಿ. ಆಮೇಲೆ ಮತ್ತೆ ಬೇಯಿಸಿದರೆ ಗ್ಯಾಸೂ ಉಳಿಯುತ್ತದೆ. ಗಂಜಿಗೆ ಇದರಷ್ಟು ಹೊಂದುವ ಅಕ್ಕಿ ನಾನು ಕಂಡಿಲ್ಲ. ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ ಇಲ್ಲವೇ ಸುಟ್ಟ ಒಣಮೀನು. ದಿನಾ ಉಣ್ಣಲು ಆಗದಿದ್ದರೆ ವಾರಕ್ಕೊಮ್ಮೆ ಗಂಜಿ ಮಾಡಿ. ಅದೂ ಲೆಕ್ಕಕ್ಕೆ ಬರುತ್ತದೆ.

ತರಕಾರಿ ವಿಷಯಕ್ಕೆ ಬರೋಣ. ಪೇಟೆಯಲ್ಲಿ ಎಲ್ಲ ಕಾಲದಲ್ಲೂ ಕೋಸು, ಟೊಮೆಟೊ, ಬೀನ್ಸ್ ಸಿಗುತ್ತದೆ. ಅದನ್ನು ಬಿಡಬೇಕಾ?

ಪೂರ್ತಿ ಬಿಡುವುದು ಬೇಡ. ವಾರದಲ್ಲಿ ಅದರ ಸರದಿ ಕಡಿಮೆ ಮಾಡಿ. ಉಳಿದ ದಿನಕ್ಕೆ ಮನೆ ಸುತ್ತ ನೋಡಿ. ಒಂದೆಲಗ, ದೊಡ್ಡಪತ್ರೆ, ಎಲವರಿಗೆ, ಚಕ್ರಮುನಿ, ಹೊನಗೊನೆ, ಬಸಳೆ, ಹರಿವೆ, ನುಗ್ಗೆ. ಮಳೆ ಬಿದ್ದ ಮೇಲೆ ರಸ್ತೆ ಬದಿಯಲ್ಲೇ ತಗಟೆ ಸೊಪ್ಪು ಹುಟ್ಟುತ್ತದೆ. ಕಾರವಾರದ ಕೊಂಕಣಿ ಮನೆಗಳಲ್ಲಿ ಅದರ ಎಳೆ ಚಿಗುರಿಗೆ ಹಲಸಿನ ಬೀಜ ಹಾಕಿ ಪಲ್ಯ ಮಾಡುತ್ತಾರೆ. ಇದನ್ನೆಲ್ಲ ಎಷ್ಟು ಕಿತ್ತರೂ ಮತ್ತೆ ಚಿಗುರುತ್ತದೆ, ಕಾಡಿಗೆ ನಷ್ಟವಿಲ್ಲ.

ತಂಬುಳಿ ಗೊತ್ತಿಲ್ಲದವರಿಗೆ: ಒಂದು ಹಿಡಿ ಒಂದೆಲಗ ತೊಳೆದು, ಒಂದು ಹಿಡಿ ಕಾಯಿತುರಿ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸಿನ ಜೊತೆ ನುಣ್ಣಗೆ ರುಬ್ಬಿ. ಮಜ್ಜಿಗೆ, ಉಪ್ಪು ಸೇರಿಸಿ. ಮುಗಿಯಿತು. ದೊಡ್ಡಪತ್ರೆಯಾದರೆ ಎಲೆಯನ್ನು ತುಪ್ಪದಲ್ಲಿ ಬಾಡಿಸಿಕೊಂಡು ರುಬ್ಬಬೇಕು. ಒಲೆಯ ಕೆಲಸ ಹೆಚ್ಚಿಲ್ಲದೆ, ಒಂದು ಸೊಪ್ಪು ಮನೆಯ ಊಟಕ್ಕೆ ಬಂತು.

ಕೆಸುವಿನ ಎಲೆಗೆ ಹೆದರುವವರಿದ್ದಾರೆ. ನಾಲಿಗೆ ತುರಿಸುವುದು ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳಿನಿಂದ. ಚೆನ್ನಾಗಿ ಬೇಯಿಸಿ, ಹುಳಿ ಧಾರಾಳ ಹಾಕಿ. ಶಿರಸಿ ಕಡೆ ಕೆಸುವಿನ ಎಲೆಯಿಂದ ಮಾಡುವ ಕರ್ಕಲಿಯಲ್ಲಿ ಹುಳಿ ಮುಂದಾಗಿರುವುದು ಅದಕ್ಕೇ. ಪತ್ರೊಡೆಗೆ ಮರಗೆಸು ಬೇಕೇಬೇಕು ಎನ್ನುವವರಿಗೆ ಒಂದು ಮಾತು. ಮರಗೆಸು ಹಳೆಯ ಮರಗಳ ಕೊಂಬೆಯ ಮೇಲೆ ಹುಟ್ಟುವ ಗಿಡ. ಎಲೆ ಮಾತ್ರ ಕೊಯ್ಯಿರಿ, ಗಡ್ಡೆ ಸಮೇತ ಕೀಳಬೇಡಿ.

ಗಡ್ಡೆ ಅಂದ ಮೇಲೆ ಜೋಯಿಡಾ ನೆನಪಾಗಬೇಕು. ಅಲ್ಲಿಯ ಕುಣಬಿ ಜನ ಮುಡ್ಲಿ, ಕೋನ, ಕಣಗ ಹೀಗೆ ಬಗೆಬಗೆಯ ಗಡ್ಡೆಗಳನ್ನು ಅಂಗಳದ ಹಿತ್ತಿಲಲ್ಲೇ ಬೆಳೆದು ಉಳಿಸಿಕೊಂಡಿದ್ದಾರೆ. ಪ್ರತಿ ವರ್ಷ ಚಳಿಗಾಲದಲ್ಲಿ ಗಡ್ಡೆ-ಗೆಣಸು ಮೇಳ ನಡೆಯುತ್ತದೆ. ಒಮ್ಮೆ ಹೋಗಿ, ಒಂದು ಚೀಲ ತನ್ನಿ. ಬಟಾಟೆಗೆ ಏನೇನು ಮಾಡುತ್ತೀರೋ ಅದೆಲ್ಲ ಅದರಲ್ಲೂ ಆಗುತ್ತದೆ. ನೆಲದಲ್ಲಿ ತಿಂಗಳುಗಟ್ಟಲೆ ಕೆಡದೆ ಇರುವ ಊಟ ಅದು.

ಹಾಗೆಯೇ ಅಂಕೋಲಾ, ಕುಮಟಾ, ಕಾರವಾರದ ಮಾರ್ಕೆಟಿನಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರು ನೆಲದ ಮೇಲೆ ಹರಡಿಕೊಂಡು ಕೂರುತ್ತಾರಲ್ಲ, ಅವರ ಹತ್ತಿರ ಮೊದಲು ನೋಡಿ. ಅವರ ಬುಟ್ಟಿಯಲ್ಲಿ ಆ ವಾರದ ಗದ್ದೆ ಇರುತ್ತದೆ. ಬೇಸಿಗೆಯಲ್ಲಿ ಕುಮಟಾದ ಸಿಹಿ ಈರುಳ್ಳಿ ಹೆದ್ದಾರಿ ಬದಿಯಲ್ಲಿ ಗೊಂಚಲು ಗೊಂಚಲಾಗಿ ತೂಗುತ್ತದೆ. ವರ್ಷಕ್ಕೆ ಬೇಕಾದಷ್ಟು ಕೊಂಡು ಅಟ್ಟದ ಕೆಳಗೆ ನೇತುಹಾಕಿ.

ಹುಳಿಗೆ ಉಪ್ಪಾಗೆ ಒಳ್ಳೆಯದೋ ಮುರುಗಲು ಒಳ್ಳೆಯದೋ?

ರುಚಿಯ ಪ್ರಶ್ನೆಯಾದರೆ ನಿಮ್ಮಿಷ್ಟ. ಕಾಡಿನ ದೃಷ್ಟಿಯಿಂದ ಕೇಳಿದರೆ ನಾನು ಮುರುಗಲು ಎನ್ನುತ್ತೇನೆ.

ಮುರುಗಲು, ಅಂದರೆ ಕೋಕಂ, ಏಪ್ರಿಲ್-ಮೇ ತಿಂಗಳಲ್ಲಿ ಹಣ್ಣಾಗುತ್ತದೆ. ಸಿಪ್ಪೆ ಬಿಸಿಲಿಗೇ ಒಣಗುತ್ತದೆ. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಅದನ್ನು ಒಣಗಿಸಲು ಬೆಂಕಿ ಹಾಕಬೇಕು, ರಾಶಿ ಕಟ್ಟಿಗೆ ಬೇಕು. 90ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಗೆಂದು ಉಪ್ಪಾಗೆ ಸಿಪ್ಪೆಗೆ ಪರದೇಶದಿಂದ ಬೇಡಿಕೆ ಬಂತು. ಆಗ ಶಿರಸಿ-ಸಿದ್ದಾಪುರದ ಕಾಡಿನಲ್ಲಿ ಎಳೆಕಾಯಿ ಕಿತ್ತರು, ಕೊಂಬೆಯನ್ನೇ ಕಡಿದರು. ನಾನು ಮೊದಲು ತೀರಿಸಿದರೆ ಇನ್ನೊಬ್ಬನಿಗೆ ಸಿಗುವುದಿಲ್ಲ ಎನ್ನುವ ಪೈಪೋಟಿ. ಸಿಂಗಳೀಕಗಳಿಗೆ ಉಪ್ಪಾಗೆ ಹಣ್ಣು ಊಟ. ಬೀಜವನ್ನು ಕಾಡಿನೊಳಗೆ ಹರಡುವ ಕೆಲಸ ಅವುಗಳದ್ದು. ಮನೆಯಲ್ಲಿ ಉಪ್ಪಾಗೆಯ ತುಪ್ಪ ಬಳಸುವವರು ಸ್ವಂತ ಬೆಟ್ಟದ ಮರದ ಕೆಳಗೆ ಬಿದ್ದ ಹಣ್ಣಿನ ಬೀಜದಿಂದಲೇ ಮಾಡಿಕೊಳ್ಳಿ. ಹಿಂದಿನವರು ಮಾಡುತ್ತಿದ್ದುದೂ ಹಾಗೇ.

ಮುರುಗಲು ನೆಡಬೇಕೆಂದಿದ್ದರೆ ಕಸಿ ಗಿಡ ತನ್ನಿ. ಬೀಜದ ಗಿಡ ಗಂಡೋ ಹೆಣ್ಣೋ ಎಂದು ತಿಳಿಯಲು ವರ್ಷಗಟ್ಟಲೆ ಕಾಯಬೇಕು, ಯಾಕೆಂದರೆ ಈ ಮರದಲ್ಲಿ ಗಂಡು-ಹೆಣ್ಣು ಬೇರೆ ಬೇರೆ. ಶಿರಸಿಯ ಅರಣ್ಯ ಕಾಲೇಜಿನಲ್ಲಿ ಈ ಜಾತಿಯ ಮರಗಳ ಕಸಿಯ ಕೆಲಸ ನಡೆದಿದೆ.

ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವುದೂ ತಪ್ಪಾ ಹಾಗಾದರೆ?

ಖಂಡಿತ ಅಲ್ಲ. ಅಪ್ಪೆಮಿಡಿ ಇವತ್ತು ಉಳಿದಿರುವುದೇ ಉಪ್ಪಿನಕಾಯಿ ಭರಣಿಯಿಂದ. ಅನಂತ ಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ ಎಂದು ಒಂದೊಂದು ಮರಕ್ಕೆ ಒಂದೊಂದು ಹೆಸರಿಟ್ಟು ಕಾಪಾಡಿದವರು ಉಪ್ಪಿನಕಾಯಿ ಪ್ರಿಯರೇ. ಈ ಸೀಮೆಯದ್ದೇ ಎಂದು ಗುರುತಿಸುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ಸಿಕ್ಕಿದೆ. ತೊಂದರೆ ಇರುವುದು ಕೊಯ್ಯುವ ರೀತಿಯಲ್ಲಿ. ಹೊಳೆಯಂಚಿನ ಹಳೆಯ ಮರ ಎತ್ತರ. ಹತ್ತಿ ಒಂದೊಂದೇ ಮಿಡಿ ಬಿಡಿಸುವುದಕ್ಕಿಂತ ಕೊಂಬೆ ಕಡಿದು ಕೆಡಗುವುದು ಸುಲಭ. ಕಡಿದ ಕೊಂಬೆ ಮುಂದಿನ ವರ್ಷ ಕಾಯಿ ಕೊಡುವುದಿಲ್ಲ.

ಕೊಳ್ಳುವಾಗ ತೊಟ್ಟು ನೋಡಿ. ತೊಟ್ಟಿರುವ, ಸೊನೆ ಹೋಗದ, ಪೆಟ್ಟು ಬೀಳದ ಮಿಡಿ ಕೈಯಲ್ಲಿ ಬಿಡಿಸಿದ್ದು ಅಥವಾ ಬುಟ್ಟಿಯಲ್ಲಿ ಇಳಿಸಿದ್ದು. ಉಪ್ಪಿನಕಾಯಿಗೂ ಅದೇ ಬಾಳಿಕೆ. ಜಜ್ಜಿದ ರಾಶಿ ಮಿಡಿ ಎಷ್ಟೇ ಅಗ್ಗ ಇರಲಿ, ಬೇಡ. ಕೊಯ್ದವರು ಯಾರು, ಯಾವ ಹೊಳೆಯ ಮರ ಎಂದು ಕೇಳಿ. ಕೇಳುವವರು ಜಾಸ್ತಿಯಾದ ಹಾಗೆ ಮಾರುವವರೂ ಸರಿಯಾಗುತ್ತಾರೆ. ಜಾಗ ಇದ್ದವರು ಕಸಿ ಮಾಡಿದ ಅಪ್ಪೆ ನೆಟ್ಟರೆ ಮನೆಯ ಮಿಡಿ ಮನೆಯಲ್ಲೇ.

ಹಣ್ಣಿನ ಮಾವು ಕೊಳ್ಳುವಾಗಲೂ ಆಪೂಸಿನ ಪೆಟ್ಟಿಗೆಯ ಪಕ್ಕ ಈಶಾಡ ಇದೆಯಾ ನೋಡಿ. ಅಂಕೋಲೆಯ ಕರಿ ಈಶಾಡಕ್ಕೆ 2023ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಸಿಪ್ಪೆ ತೆಳು, ರಸ ಗಟ್ಟಿ. ದೂರ ಸಾಗಿಸಲು ತಾಳುವುದಿಲ್ಲ, ಹಾಗಾಗಿ ಊರಿನವರೇ ತಿನ್ನಬೇಕಾದ ಹಣ್ಣು.

ಮೀನು ತಿನ್ನಬಹುದಾ? ಯಾವ ಮೀನು?

ತಿನ್ನಬಹುದು. ಮೀನನ್ನೇ ಬಿಡಿ ಎಂದು ಕಾರವಾರದವರಿಗೆ ಹೇಳುವವರು ಕಾರವಾರ ನೋಡಿದವರಲ್ಲ. ಯಾವುದು, ಎಷ್ಟು ದೊಡ್ಡದು, ಯಾವಾಗ ಎನ್ನುವ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು.

ಯಾವುದು ಎಂದರೆ, ಬೇಗ ಬೆಳೆದು ಬೇಗ ಮೊಟ್ಟೆ ಇಡುವ ಚಿಕ್ಕ ಜಾತಿಗಳು ಮೊದಲು. ತಾರ್ಲೆ (ಬೂತಾಯಿ), ಬಂಗಡೆ. ಇಸ್ವಾಣ (ಅಂಜಲ್), ಪಾಂಪ್ಲೆಟ್ ಪ್ರಾಯಕ್ಕೆ ಬರುವುದು ಅವಕ್ಕಿಂತ ತಡ. ಅವು ಹಬ್ಬಕ್ಕೆ, ನೆಂಟರು ಬಂದಾಗ. ಮೋರಿ ಎಂದು ಕರೆಯುವ ಶಾರ್ಕ್ ಮತ್ತು ತೊರಕೆಗಳ ವಿಷಯ ಇನ್ನೂ ಸೂಕ್ಷ್ಮ. ಅವು ಪ್ರಾಯಕ್ಕೆ ಬರಲು ವರ್ಷಗಳು ಬೇಕು, ಹೆರುವ ಮರಿಗಳೂ ಕೆಲವೇ. ಬಾಣಂತಿಗೆ ಮರಿ ಮೋರಿ ಕೊಟ್ಟರೆ ಹಾಲು ಹೆಚ್ಚುತ್ತದೆ ಎನ್ನುವ ನಂಬಿಕೆ ನಮ್ಮ ಕರಾವಳಿಯಲ್ಲಿದೆ. ಅಮ್ಮಂದಿರ ಪ್ರೀತಿ ಅರ್ಥವಾಗುತ್ತದೆ, ಆದರೆ ತಾರ್ಲೆಯ ತಿಳಿಸಾರು ಕೊಡಿ. ಪೌಷ್ಟಿಕತೆಗೆ ಏನೂ ಕಡಿಮೆಯಿಲ್ಲ.

ಎಷ್ಟು ದೊಡ್ಡದು ಎನ್ನುವುದೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಒಮ್ಮೆಯಾದರೂ ಮೊಟ್ಟೆ ಇಟ್ಟ ಮೀನನ್ನು ತಿನ್ನಬೇಕು. ಕೇರಳದಲ್ಲಿ ತಾರ್ಲೆಗೆ 10 ಸೆಂ.ಮೀ., ಬಂಗಡೆಗೆ 14 ಸೆಂ.ಮೀ. ಎಂದು ಕಾನೂನಿನಲ್ಲೇ ಕನಿಷ್ಠ ಅಳತೆ ಇಟ್ಟಿದ್ದಾರೆ. ಇದೇ ಅಳತೆಯನ್ನು ನೀವು ಮೀನು ಮಾರ್ಕೆಟ್ಟಿಗೆ ಹೋಗುವಾಗ ಮನಸ್ಸಿನಲ್ಲಿಟ್ಟುಕೊಳ್ಳಿ. ಅದು ಕನಿಷ್ಠ ಅಷ್ಟೇ, ಬಂಗಡೆ ನಿಮ್ಮ ಗೇಣಿನ ಹತ್ತಿರ ಬಂದರೆ ಒಳ್ಳೆಯದು. ಅಂಗೈಗಿಂತ ಚಿಕ್ಕ ಪಾಂಪ್ಲೆಟ್, ಮೊಳಕ್ಕಿಂತ ಗಿಡ್ಡ ಇಸ್ವಾಣ ಇವೆಲ್ಲ ಮರಿಗಳು. ಚಿಕ್ಕದು ಅಗ್ಗಕ್ಕೆ ಸಿಗುತ್ತದೆ ಎಂದು ಕೊಂಡರೆ ಮುಂದಿನ ವರ್ಷದ ದೊಡ್ಡದನ್ನು ಈಗಲೇ ತಿಂದ ಹಾಗೆ. ಸಣ್ಣ ಕಣ್ಣಿನ ಬಲೆಗೆ ಬಿದ್ದ ಮರಿಗಳು ರಾಶಿ ರಾಶಿಯಾಗಿ ಮೀನಿನ ಹಿಟ್ಟಿನ ಕಾರ್ಖಾನೆಗೂ ಹೋಗುತ್ತವೆ. ಆ ಹಿಟ್ಟು ಸೀಗಡಿ ಹೊಂಡಕ್ಕೆ, ಕೋಳಿ ಫಾರ್ಮಿಗೆ ಆಹಾರ. ಹಾಗಾಗಿ ಮೀನು ಬಿಟ್ಟು ಬ್ರಾಯ್ಲರ್ ತಿಂದರೆ ಕಡಲು ಉಳಿಯಿತು ಎಂದು ಸುಮ್ನೆ ಸಮಾಧಾನ ಪಡುವಂತಿಲ್ಲ.

ಮಾರುವವರ ಹತ್ತಿರ 'ಯಾವ ದೋಣಿದು?' ಎಂದು ಕೇಳಿ. ಪಾತಿ ದೋಣಿ, ಬೀಸುಬಲೆ, ರಂಪಣಿಯ (ದಡದಿಂದ ಎಳೆಯುವ ಬಲೆ) ಮೀನು ಸಿಕ್ಕರೆ ಅದನ್ನೇ ಕೊಳ್ಳಿ. ರಾತ್ರಿ ಕಡಲಿಗೆ ದೊಡ್ಡ ಲೈಟು ಬಿಟ್ಟು ಮೀನು ಸೆಳೆಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಬೆಳಕಿಗೆ ಮರಿ, ದೊಡ್ಡದು, ಬೇಕಾದದ್ದು, ಬೇಡದ್ದು ಎಲ್ಲ ಒಟ್ಟಿಗೆ ಬರುತ್ತವೆ.

ಮಳೆಗಾಲದಲ್ಲಿ ಏನು ಮಾಡುವುದು?

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹೆಚ್ಚಿನ ಮೀನು ಮೊಟ್ಟೆ ಇಡುವ ಕಾಲ ಅದು. ಆಗ ಐಸಿನಲ್ಲಿ ಹೊರರಾಜ್ಯದಿಂದ ಬಂದ ಮೀನಿಗೆ ಮುಗಿಬೀಳುವುದಕ್ಕಿಂತ ಒಣಮೀನು ತೆಗೆಯಿರಿ. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಹೆಂಗಸರು ಬೇಸಿಗೆಯೆಲ್ಲ ಮರಳ ಮೇಲೆ ಮೀನು ಒಣಗಿಸುತ್ತಾರೆ. ಮೇ ತಿಂಗಳಲ್ಲೇ ಕೊಂಡಿಟ್ಟರೆ ಮಳೆಗಾಲಕ್ಕೆ ಆಗುತ್ತದೆ. ಒಣ ಶೆಟ್ಲಿಯ ಚಟ್ನಿ, ಕಗ್ಗದ ಗಂಜಿ, ಹೊರಗೆ ಮಳೆ, ಇನ್ನೇನು ಬೇಕು ಅಲ್ವಾ?

ಹತ್ತುಮೀನಿನ ವಿಷಯ ಬೇರೆಯಾಗಿ ಹೇಳಬೇಕು. ಮೊದಲ ಮಳೆಗೆ ಹೊಳೆಯ ಮೀನು ಹಳ್ಳ ಹತ್ತಿ ಗದ್ದೆಗೆ ಬರುತ್ತವೆ. ಬರುವುದು ಮೊಟ್ಟೆ ಇಡಲು. ಹೊಟ್ಟೆ ತುಂಬ ತತ್ತಿ ಇರುತ್ತದೆ, ಓಡುವ ಶಕ್ತಿ ಇರುವುದಿಲ್ಲ. ಆ ರಾತ್ರಿ ಬ್ಯಾಟರಿ ಹಿಡಿದು ಹೋಗಿ ಚೀಲ ತುಂಬಿಸುವುದು ಎಷ್ಟು ಮಜಾ ಎಂದು ನನಗೂ ಗೊತ್ತು. ಆದರೆ ಹೊಳೆಯ ಊರಿನ ಮೀನುಗಳು ಕಣ್ಣೆದುರೇ ಕಡಿಮೆಯಾಗುತ್ತಿವೆ. ಈ ಒಂದು ಶಿಕಾರಿಯನ್ನು ನಿಲ್ಲಿಸಿ ಎಂದು ಕೈಮುಗಿದು ಕೇಳುತ್ತೇನೆ.

ಕೆರೆಗೆ ಮೀನುಮರಿ ಬಿಡುವವರು ಆಫ್ರಿಕನ್ ಕ್ಯಾಟ್‌ಫಿಶ್ ತರಲೇಬೇಡಿ. ದೇಶದಲ್ಲಿ ಅದರ ಸಾಕಣೆಗೆ 2000ರಿಂದ ನಿಷೇಧವಿದೆ. ನೆರೆಗೆ ತಪ್ಪಿಸಿಕೊಂಡು ಹೊಳೆ ಸೇರಿದರೆ ಸಿಕ್ಕಿದ್ದನ್ನೆಲ್ಲ ನುಂಗುತ್ತದೆ.

ಬಳಚು?

ಅಘನಾಶಿನಿಯ ಬಳಚು, ಅಂದರೆ ಅಳಿವೆಯ ಚಿಪ್ಪುಜೀವಿ, ಒಂದು ಭಾಗ್ಯ. ಇಳಿತದ ಹೊತ್ತಿಗೆ ಹೆಂಗಸರು-ಗಂಡಸರು ಮೊಣಕಾಲು ನೀರಿನಲ್ಲಿ ನಿಂತು ಆರಿಸುತ್ತಾರೆ. ಅದಕ್ಕೆ ಮೇವು ಹಾಕಬೇಕಿಲ್ಲ, ನೀರನ್ನು ಸೋಸಿ ತಾನೇ ಬದುಕುತ್ತದೆ. ತಿನ್ನಿ, ಆದರೆ ಹೆಬ್ಬೆರಳ ಉಗುರಿನಷ್ಟು ಚಿಕ್ಕದನ್ನು ಕೊಳ್ಳಬೇಡಿ. ಮತ್ತೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಕಡಿಯುವುದನ್ನು ಕಂಡರೆ ಸುಮ್ಮನಿರಬೇಡಿ. ಮೀನು, ಶೆಟ್ಲಿಯ ಮರಿಗಳು ದೊಡ್ಡದಾಗುವುದು ಅದರ ಬೇರಿನ ಸಂದಿಯಲ್ಲಿ.

ಕಾಡಿನ ಜೇನು ಒಳ್ಳೆಯದಲ್ವಾ? ಪೆಟ್ಟಿಗೆ ಜೇನಿಗಿಂತ?

ಹೆಜ್ಜೇನಿನ ಹುಟ್ಟಿಗೆ ಬೆಂಕಿ ಹಚ್ಚಿ, ಮರಿ ಸಮೇತ ಹಿಂಡಿ ತಂದ ತುಪ್ಪ ಎಷ್ಟು ಸಿಹಿಯಿದ್ದರೂ ಬೇಡ. ಶಿರಸಿ ಸೀಮೆಯಲ್ಲಿ ತುಡುವೆ ಜೇನು ಸಾಕುವವರು ಇದ್ದಾರೆ. ಅದು ನಮ್ಮದೇ ಕಾಡಿನ ಜೇನು. 90ರ ದಶಕದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದಲ್ಲೆಲ್ಲ ತುಡುವೆ ಕುಟುಂಬಗಳು ನಾಶವಾದವು. ಆಮೇಲೂ ಪೆಟ್ಟಿಗೆ ಬಿಡದೆ ಉಳಿಸಿಕೊಂಡವರಿಂದ ಕೊಳ್ಳಿ. ಆ ಪೆಟ್ಟಿಗೆಯ ಹುಳಗಳು ನಿಮ್ಮ ಮೊಗೆಕಾಯಿ, ಏಲಕ್ಕಿ, ಪಕ್ಕದ ಬೆಟ್ಟದ ಹೂವಿಗೂ ಹೋಗುತ್ತವೆ.

ಮಿಸರಿ ಜೇನು (ಚುಚ್ಚದ ಪುಟ್ಟ ಜೇನು) ಔಷಧಿಗೆಂದು ಗೋಡೆ, ಮರದ ಪೊಟರೆ ಒಡೆದು ತೆಗೆಯುವುದು ಜಾಸ್ತಿಯಾಗಿದೆ. ಅದನ್ನೂ ಮಡಕೆಯಲ್ಲಿ, ಬಿದಿರಿನಲ್ಲಿ ಸಾಕಲು ಬರುತ್ತದೆ.

ಕಳಲೆ, ಅಣಬೆ, ರಾಮಪತ್ರೆ ತರಬಹುದಾ?

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಹವ್ಯಾಸಕ್ಕೆಂದು ಹೋಗಿ ಏನನ್ನೂ ತರುವಂತಿಲ್ಲ. ಕಾಡಿನಲ್ಲೇ ಬದುಕುವ ಸಮುದಾಯಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಿರು ಉತ್ಪನ್ನದ ಹಕ್ಕಿದೆ. ಅವರದ್ದು ಜೀವನ, ನಮ್ಮದು ಬಾಯಿರುಚಿ. ಎರಡನ್ನೂ ಸಮ ಎಂದುಕೊಳ್ಳಬಾರದು.

ಸ್ವಂತ ಜಾಗದ ಬಿದಿರಾದರೆ ಒಂದು ಹಿಂಡಿಲಿನಿಂದ ಒಂದೋ ಎರಡೋ ಕಳಲೆ ಸಾಕು. ಉಳಿದದ್ದು ಬಿದಿರಾಗಲಿ. ಹೆಚ್ಚಿ, ಎರಡು-ಮೂರು ದಿನ ದಿನಾ ನೀರು ಬದಲಿಸಿ ನೆನೆಹಾಕಿ, ಬೇಯಿಸಿ ನೀರು ಚೆಲ್ಲಿ. ಹಸಿ ಕಳಲೆಯಲ್ಲಿ ಸಯನೈಡ್ ಉಂಟುಮಾಡುವ ಅಂಶ ಇರುತ್ತದೆ. ಅಣಬೆಯನ್ನು ಗುರುತು ಖಾತ್ರಿ ಇಲ್ಲದೆ ಮುಟ್ಟಬೇಡಿ, ಹುತ್ತ ಅಗೆಯಬೇಡಿ.

ರಾಮಪತ್ರೆಯನ್ನು ನಾನು ಮಸಾಲೆಗೆ ಬಳಸುವುದು ಬಿಟ್ಟಿದ್ದೇನೆ. ಮಂಗಟ್ಟೆ ಹಕ್ಕಿಗಳಿಗೆ ಆ ಹಣ್ಣು ಬೇಕು, ಬೀಜ ದೂರ ಒಯ್ಯುವವೂ ಅವೇ. ತೋಟದ ಜಾಯಿಪತ್ರೆ ಇದೆಯಲ್ಲ, ಬಿರಿಯಾನಿಗೆ ಅದೇ ಸಾಕು.

ಕಾಡುಹಂದಿ, ಬರ್ಕ (ಕಾಡಿನ ಸಣ್ಣ ಜಿಂಕೆಯಂಥ ಪ್ರಾಣಿ), ಕಡಲಾಮೆ ಮೊಟ್ಟೆ?

ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾರವಾರ, ಹೊನ್ನಾವರದ ಕಡಲತೀರಕ್ಕೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.

ಎಣ್ಣೆ ಯಾವುದು ಬಳಸಲಿ?

ಇಲ್ಲಿ ನಮ್ಮ ಒಗ್ಗರಣೆ ಇಂಡೋನೇಷ್ಯಾ, ಮಲೇಷ್ಯಾದ ಕಾಡಿನವರೆಗೆ ಹೋಗುತ್ತದೆ. ತಾಳೆ ಎಣ್ಣೆಯ ತೋಟಕ್ಕಾಗಿ ಅಲ್ಲಿ ಮಳೆಕಾಡು ಕಡಿದಿದ್ದಾರೆ, ಒರಾಂಗುಟಾನ್‌ಗಳ ನೆಲೆ ಹೋಗಿದೆ. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ತರಿಸಿಕೊಳ್ಳುವ ದೇಶ ನಮ್ಮದು. ಬಾಟಲಿಯಲ್ಲಿ ಕೊಳ್ಳದಿದ್ದರೂ ಬಿಸ್ಕತ್ತು, ಚಿಪ್ಸ್, ವನಸ್ಪತಿ, ಬೇಕರಿ ಪಫ್ಸಿನಲ್ಲಿ ಬರುತ್ತದೆ. ಪ್ಯಾಕೆಟ್ಟಿನ ಹಿಂದೆ ಓದಿ. ಮನೆಗೆ ಗಾಣದ ತೆಂಗಿನೆಣ್ಣೆ, ಶೇಂಗಾ ಎಣ್ಣೆ ತನ್ನಿ. ಸಂಜೆಯ ತಿಂಡಿಗೆ ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್ ಮನೆಯಲ್ಲೇ ಕರಿಯಿರಿ. ಚಳಿಗಾಲದಲ್ಲಿ ದೋಸೆಗೆ ಮುರುಗಲ ತುಪ್ಪ ಒಂದು ಚೂರು ಹಚ್ಚಿ ನೋಡಿ.

ಕಟ್ಟಿಗೆ ಒಲೆ ಬಿಡಬೇಕಾ?

ಸೋಗೆ, ತೆಂಗಿನ ಗರಟೆ, ಅಡಿಕೆ ಹಾಳೆಯ ಚೂರು, ತೋಟದ ಒಣಗಿದ್ದನ್ನು ಉರಿಸಿದರೆ ಕಾಡಿಗೆ ಭಾರವಿಲ್ಲ. ಬಚ್ಚಲ ಒಲೆಗೆ ಬೆಟ್ಟದ ಹಸಿ ಮರ ಕಡಿಯುವುದು ನಿಲ್ಲಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂದ ಅಸ್ತ್ರ ಒಲೆ ಕಟ್ಟಿಗೆಯನ್ನು ಉಳಿಸುತ್ತದೆ. ದನ ಇರುವ ಮನೆಯಲ್ಲಿ ಗೋಬರ್ ಗ್ಯಾಸ್‌ಗಿಂತ ಒಳ್ಳೆಯದು ಇಲ್ಲ. ಶಿರಸಿ, ಸಿದ್ದಾಪುರದ ತೋಟಿಗರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ.

ಚೌತಿಯ ಫಲಾವಳಿಗೆ ಕಾಡಿನ ಕಾಯಿ-ಹೂವು ಕಿತ್ತರೆ ತಪ್ಪಾ?

ಚೌತಿಗೆ ಗಣಪತಿಯ ಮೇಲೆ ಕಾಯಿ-ಹೂವು ಕಟ್ಟುವ ಫಲಾವಳಿ ಎಂದರೆ ಆ ತಿಂಗಳಲ್ಲಿ ಊರಿನ ಸುತ್ತ ಏನೇನು ಬಿಟ್ಟಿದೆ ಎಂದು ಮಕ್ಕಳಿಗೆ ತೋರಿಸುವ ದಾರಿ. ಅದನ್ನು ಬಿಡಬಾರದು. ಮನೆಗೆ ಒಂದು ಜಾತಿಯದ್ದು ಒಂದೇ ಗೊಂಚಲು ಸಾಕು. ಮಾರಾಟಕ್ಕೆಂದು ಗಾಡಿ ತುಂಬ ಬೇರು ಸಮೇತ ಕಿತ್ತು ತಂದದ್ದನ್ನು ಕೊಳ್ಳಬೇಡಿ. ಮಾಡಹಾಗಲದಂಥ ಬಳ್ಳಿಯನ್ನು ಹಿತ್ತಿಲಲ್ಲೇ ಹಬ್ಬಿಸಬಹುದು. ಹೆಣ್ಣು ಬಳ್ಳಿಯ ಜೊತೆ ಒಂದು ಗಂಡು ಬಳ್ಳಿಯ ಗಡ್ಡೆಯೂ ಬೇಕು, ಇಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲ. ಹಬ್ಬ ಮುಗಿದ ಮೇಲೆ ಬೀಜ ಇರುವ ಕಾಯಿಗಳನ್ನು ಬೇಲಿ ಬದಿಗೆ ಹಾಕಿ.

ನಾನು ಬೀಜ ಉಳಿಸಲು ಏನು ಮಾಡಬೇಕು?

ಮೊದಲ ನಿಯಮ: ಗಿಡದ ಅತ್ಯಂತ ಚೆಂದದ ಕಾಯಿಯನ್ನು ತಿನ್ನಬೇಡಿ. ಅದು ಬೀಜಕ್ಕೆ. ಆರೋಗ್ಯವಾಗಿರುವ ಗಿಡದ ಮೇಲೆ ಪೂರ್ತಿ ಬಲಿಯಲು ಬಿಡಿ. ಸೌತೆ, ಮೊಗೆಕಾಯಿ ಬೀಜವನ್ನು ಬೂದಿಯಲ್ಲಿ ಕಲಸಿ ಗೋಡೆಗೆ ಬಡಿದಿಡುವುದು ಹಳೆಯ ಕ್ರಮ, ಇವತ್ತಿಗೂ ಹುಳ ಬರುವುದಿಲ್ಲ. ಹರಿವೆಯ ಎರಡು ಬಗೆ ಹತ್ತಿರವಿದ್ದರೆ ಪರಾಗ ಬೆರೆತು ತಳಿ ಕಲಬೆರಕೆಯಾಗುತ್ತದೆ, ಸೌತೆಯಲ್ಲೂ ಹಾಗೇ. ಎರಡು ಬಗೆಯನ್ನು ದೂರ ದೂರ ಹಾಕಿ. ಅಲಸಂದೆಯಲ್ಲಿ ಈ ಗೋಳು ಕಡಿಮೆ, ಹೊಸಬರಿಗೆ ಅದರಿಂದ ಶುರು ಮಾಡುವುದು ಸುಲಭ. ಹೈಬ್ರಿಡ್ ಪ್ಯಾಕೆಟ್ಟಿನ ಬೀಜ ಎತ್ತಿಟ್ಟರೆ ಮುಂದಿನ ಬೆಳೆ ಅದೇ ಥರ ಬರುವುದಿಲ್ಲ.

ಬೀಜ ಎಲ್ಲಿ ಸಿಗುತ್ತದೆ? ಶಿರಸಿಯ ವನಸ್ತ್ರೀ ಎನ್ನುವ ಹೆಂಗಸರ ಸಂಘಟನೆ ಕೈತೋಟದ ಬೀಜಗಳನ್ನು ಉಳಿಸುವ ಕೆಲಸ ಮಾಡುತ್ತ ಬಂದಿದೆ, ಅವರ ಮಲೆನಾಡು ಮೇಳದಲ್ಲಿ ಬೀಜ, ಗಡ್ಡೆ ಕೈಬದಲಾಗುತ್ತವೆ. ಅದಕ್ಕಿಂತ ಹತ್ತಿರದ್ದು ನಿಮ್ಮ ಅತ್ತೆ, ದೊಡ್ಡಮ್ಮ, ಪಕ್ಕದ ಮನೆಯ ಅಮ್ಮಮ್ಮ. ಅವರ ಅಟ್ಟದ ಮೇಲಿನ ಡಬ್ಬಿ ಕೇಳಿ. ಅವರ ಕಾಲ ಮುಗಿಯುವ ಮೊದಲು ಕೇಳಿ.

ಮಕ್ಕಳು ಸೊಪ್ಪು ಮುಟ್ಟುವುದಿಲ್ಲ. ಏನು ಮಾಡಲಿ?

ತೆಳ್ಳೇವಿನ ಹಿಟ್ಟಿಗೆ ಸೊಪ್ಪು ರುಬ್ಬಿ ಹಾಕಿ, ಹಸಿರು ದೋಸೆ ಎಂದರೆ ತಿನ್ನುತ್ತಾರೆ. ದೊಡ್ಡಪತ್ರೆಯ ಬಜ್ಜಿಗೆ ಬೇಡ ಎನ್ನುವ ಮಗುವನ್ನು ನಾನು ಕಂಡಿಲ್ಲ. ಬಲವಂತಕ್ಕಿಂತ ಕೊಯ್ಯಲು ಕಳಿಸಿ. ತಾವೇ ಕೊಯ್ದು ತಂದದ್ದರ ಮೇಲೆ ಅವರಿಗೆ ಅಭಿಮಾನ ಜಾಸ್ತಿ.

ನಾನು ಬೆಂಗಳೂರಿನ ಫ್ಲ್ಯಾಟಿನಲ್ಲಿದ್ದೇನೆ. ಇದೆಲ್ಲ ನನಗೆ ಹೇಗೆ ಸಾಧ್ಯ?

ದೊಡ್ಡಪತ್ರೆಯ ಕಡ್ಡಿ ಕುಂಡದಲ್ಲಿ ಬದುಕುತ್ತದೆ. ಒಂದೆಲಗಕ್ಕೆ ಅಗಲವಾದ ಟ್ರೇ, ನೆರಳು, ತೇವ ಸಾಕು. ಊರಿಗೆ ಹೋದಾಗ ಕಗ್ಗ ಅಕ್ಕಿ, ಒಣಗಿಸಿದ ಮುರುಗಲು, ಹಪ್ಪಳ, ಮಿಡಿ ಉಪ್ಪಿನಕಾಯಿ ತನ್ನಿ. ಇವು ಕೆಡುವುದಿಲ್ಲ, ದುಡ್ಡು ನೇರ ಊರಿನ ಮನೆಗಳಿಗೆ ಹೋಗುತ್ತದೆ. ಕೊರಿಯರ್‌ನಲ್ಲಿ ಕಾಡುಜೇನು, ಕಳಲೆ, ಕಾಡಣಬೆ ತರಿಸಬೇಡಿ. ಊರಿನವರು ತಾವು ತಿನ್ನಲು ತರುವುದಕ್ಕೆ ಮಿತಿ ಇದೆ, ಪೇಟೆಯ ಬೇಡಿಕೆಗೆ ಇಲ್ಲ.

ಅಪ್ಪೆಹುಳಿ ಅಲ್ಲೂ ಮಾಡಬಹುದು. ಹುಳಿ ಮಾವಿನಕಾಯಿ ಬೇಯಿಸಿ ಹಿಚುಕಿ, ಧಾರಾಳ ನೀರು, ಉಪ್ಪು, ಚೂರು ಬೆಲ್ಲ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ. ಊಟ ಆದ ಮೇಲೆ ಲೋಟದಲ್ಲಿ ಕುಡಿದು ಮಲಗಿದರೆ ಒಳ್ಳೆಯ ನಿದ್ದೆ.

ದುಬಾರಿ ಅಲ್ವಾ ಇದೆಲ್ಲ?

ಕಗ್ಗ, ತುಡುವೆ ಜೇನು, ಗಾಣದ ಎಣ್ಣೆ ದುಬಾರಿ, ನಿಜ. ಅದನ್ನು ಕಡಿಮೆ ಕೊಳ್ಳಿ. ತಾರ್ಲೆ, ಹಲಸು, ಬಾಳೆದಿಂಡು, ಸೊಪ್ಪು, ಗಡ್ಡೆ ಅಗ್ಗ ಅಥವಾ ಪುಕ್ಕಟೆ. ಎರಡನ್ನೂ ಕೂಡಿಸಿದರೆ ತಿಂಗಳ ಖರ್ಚು ಹೆಚ್ಚುವುದಿಲ್ಲ. ಬೇಸಿಗೆಯಲ್ಲಿ ಎಷ್ಟು ಹಲಸು ಮರದ ಬುಡದಲ್ಲೇ ಕೊಳೆಯುತ್ತದೆ ನೋಡಿದ್ದೀರಲ್ಲ? ಎಳೆಯ ಕಾಯಿಗೆ ಪಲ್ಯ, ಬಲಿತದ್ದಕ್ಕೆ ಹುಳಿ, ಹಪ್ಪಳ, ಹಣ್ಣಿಗೆ ಕಡುಬು, ಬೀಜಕ್ಕೆ ಸಾರು.

ಅಡುಗೆಮನೆಯ ಕಸ, ಮೀನಿನ ಕಸ ಎಲ್ಲಿ ಹಾಕಲಿ?

ಕಾಡಿನ ಅಂಚಿಗೆ, ಘಟ್ಟದ ತಿರುವಿಗೆ ಅಂತೂ ಹಾಕಬೇಡಿ. ಮಂಗ, ಕಾಡುಹಂದಿ ಅದಕ್ಕೆ ರೂಢಿಯಾಗಿ ಆಮೇಲೆ ತೋಟಕ್ಕೆ ಇಳಿಯುತ್ತವೆ. ರಸ್ತೆ ಬದಿ ಮಂಗಗಳಿಗೆ ಬಿಸ್ಕತ್ತು ಎಸೆಯುವುದೂ ಇದೇ ಲೆಕ್ಕ. ಸಿಪ್ಪೆ, ಉಳಿದ ಊಟ ದನಕ್ಕೆ, ಇಲ್ಲದಿದ್ದರೆ ಗೊಬ್ಬರ ಗುಂಡಿಗೆ. ಮೀನಿನ ತಲೆ, ರೆಕ್ಕೆಯನ್ನು ತೆಂಗಿನ ಬುಡದಲ್ಲಿ ಒಂದು ಮೊಳ ಆಳಕ್ಕೆ ಹೂಳಿ, ಮೇಲೆ ಬೂದಿ ಹಾಕಿ. ನಾಯಿ ಕೆದರದ ಹಾಗೆ ಒಂದು ಕಲ್ಲು ಇಡಿ. ಪಾತ್ರೆ ತೊಳೆದ ನೀರು ಬಾಳೆ, ಕೆಸುವಿಗೆ ಹರಿಯುವಂತೆ ಸಣ್ಣ ಕಾಲುವೆ ತೆಗೆಯಿರಿ. ಸೋಪು ಜಾಸ್ತಿ ಬಳಸುವ ಮನೆಯಾದರೆ ಬೂದಿ, ಸೀಗೆಪುಡಿಗೆ ಬದಲಿಸಿ, ಇಲ್ಲದಿದ್ದರೆ ಆ ನೀರನ್ನು ಸೊಪ್ಪಿನ ಮಡಿಗೆ ಬಿಡಬೇಡಿ.